ಕ್ಷಮಿಸಲು ಹೊರಟ ಕ್ಷೌರಿಕ

ಕ್ಷೌರಿಕನ ಉಪದೇಶಕ್ಕೆ ಕೇಳುಗರ ಕೊರತೆ ಎಂಬುದೇ ಇರಲಿಲ್ಲ. ಕೊರಳಿಗೆ ಬಟ್ಟೆ ಸುತ್ತಿ, ಗಲ್ಲಕ್ಕೆ ನೊರೆ ಬಳಿದು, ಗಂಟಲ ಹತ್ತಿರ ಕತ್ತಿ ಹಿಡಿದ ಮೇಲೆ ಯಾವ ಗಿರಾಕಿ ತಾನೇ ಎದ್ದು ಹೋದಾನು? ಬೆಳಿಗ್ಗೆ ಚಹಾದ ಜೊತೆ ಆ ದಿನದ ಬೈಬಲ್ ವಾಚನ ಓದುವುದು, ಅಂಗಡಿ ತೆರೆದೊಡನೆ ಅದರ ಮೇಲಿನ ತನ್ನ ಚಿಂತನೆಯನ್ನೆಲ್ಲ ಮೊದಲು ಸಿಕ್ಕವನ ಕಿವಿಗೆ ಸುರಿಯುವುದು ಅವನ ಪದ್ಧತಿ. ಜನ ತೆಪ್ಪಗೆ ಕೇಳುವುದು ಮಾತಿನ ಮಹಿಮೆಯಿಂದಲ್ಲ, ಕತ್ತಿಯ ಭಯದಿಂದ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಉಬ್ಬುತ್ತಿದ್ದ.

ಆ ವಾರದ ವಾಚನಗಳೆಲ್ಲ ಕ್ಷಮೆಯ ಮೇಲೆ. ಭಾನುವಾರದ್ದು ಮಾತ್ರ ನಿರೀಕ್ಷೆಯ, ಅಂದರೆ ದೇವರಲ್ಲಿಡುವ ಭರವಸೆಯ, ಮೇಲೆ. ಅಂದು ಸಭೆಯಲ್ಲಿ ನಾಲ್ಕು ಮಾತಾಡುವಂತೆ ಪಾದ್ರಿಗಳು ಅವನಿಗೇ ಹೇಳಿದ್ದರು. ತಾಲೀಮು ಗಿರಾಕಿಗಳ ಮೇಲೆ ಭರ್ಜರಿಯಾಗಿ ನಡೆಯಿತು.

“ಊರಿಗೆಲ್ಲ ಹೇಳೋದು ಸರಿ, ನನ್ನ ತಮ್ಮನ ಕತೆ ಏನು?” ಎಂದಳು ಹೆಂಡತಿ.

ಚರ್ಚಿನ ಗಾಯನ ತಂಡವನ್ನು ನಡೆಸುತ್ತಿದ್ದ ಬಾಮೈದ ಒಮ್ಮೆ ಎಲ್ಲರೆದುರು, “ಭಾವ, ನೀವು ಬರೀ ಬಾಯಿ ಆಡಿಸಿ ಸಾಕು, ದನಿ ನಾವು ಹಾಕ್ತೀವಿ” ಅಂದಿದ್ದ. ಅಂದಿನಿಂದ ಮಾತಿಲ್ಲ. ಆರಾಧನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಇವನು ಒಂದು ಕಣ್ಣು ತೆರೆದು, ಬೇರೆಯವನು ಸೊಟ್ಟಗೆ ಕತ್ತರಿಸಿದ ಬಾಮೈದನ ಕೂದಲು ನೋಡಿ ಹಿಗ್ಗುತ್ತಿದ್ದ.

“ಅವನೇ ಬಂದು ತಪ್ಪಾಯ್ತು ಅನ್ನಲಿ. ನಾನೇನು ಬೇಡ ಅಂದ್ನಾ?”

“ತಪ್ಪು ಮಾಡಿದವರೇ ಮೊದಲು ಬರ್ಲಿ ಅಂತ ದೇವರ ವಾಕ್ಯದಲ್ಲಿ ಬರೆದಿದ್ಯಾ?”

ವಾರವಿಡೀ ಹುಡುಕಿದ, ಬರೆದಿರಲಿಲ್ಲ. ಶನಿವಾರ ಮಧ್ಯಾಹ್ನ ಅಂಗಡಿಯ ಕನ್ನಡಿಯೆದುರು ಕ್ಷಮಿಸುವ ಮುಖವನ್ನು ಅಭ್ಯಾಸ ಮಾಡಿದ. ಮೊದಲನೆಯದು ಹಲ್ಲುನೋವಿನಂತೆ ಕಂಡಿತು. ಎರಡನೆಯದನ್ನು ಧರಿಸಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಬಾಮೈದನ ಮನೆಗೆ ಹೊರಟ.

ಬಾಮೈದ ಬನಿಯನ್ನಿನಲ್ಲಿ ಕೂತು ಕೆಟ್ಟ ಫ್ಯಾನು ಬಿಚ್ಚುತ್ತಿದ್ದ. ಕ್ಷೌರಿಕ ನಿಂತೇ ಗಂಟಲು ಸರಿಮಾಡಿಕೊಂಡು, “ನಿನ್ನನ್ನ ಮನಸಾರೆ ಕ್ಷಮಿಸಿದ್ದೀನಿ” ಎಂದ.

“ಯಾತಕ್ಕೆ ಭಾವ?”

ಹಾಡಿನ ಕತೆ ಹೇಳಿದ. ಬಾಮೈದ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡ. “ಹಾಗಂದಿದ್ನಾ? ತಪ್ಪಾಯ್ತು ಬಿಡಿ. ನಾನೂ ನಿಮ್ಮನ್ನ ಯಾವತ್ತೋ ಕ್ಷಮಿಸಿದ್ದೀನಲ್ಲ.”

“ನನ್ನನ್ನಾ?” ಮುಖ ಕಳಚಿ ಬಿತ್ತು. “ನಾನೇನು ಮಾಡಿದೆ?”

ಬಾಮೈದ ಗೋಡೆಯ ಮದುವೆ ಫೋಟೋ ತೋರಿಸಿದ. ಮದುಮಗನ ಕಿವಿಗೆ ದೊಡ್ಡ ಬಿಳಿ ಪಟ್ಟಿ. “ಅವತ್ತು ಬೆಳಿಗ್ಗೆ ನನಗೆ ಕ್ಷೌರ ಮಾಡ್ತಾ ತಾಳ್ಮೆ ಬಗ್ಗೆ ಹೇಳ್ತಿದ್ರಿ. ಮಾತಿನ ಭರದಲ್ಲಿ ಕಿವಿ ಕೊಯ್ದಿದ್ದು ನಿಮಗೆ ಗೊತ್ತೇ ಆಗ್ಲಿಲ್ಲ. ಆಮೇಲೆ ಪಟ್ಟಿ ನೋಡಿ ಕೇಳಿದ್ರಿ, ಬಾಗಿಲು ತಗುಲಿತು ಅಂದಿದ್ದೆ.”

“ಹೇಳಬಾರದಿತ್ತಾ?”

“ಕ್ಷಮಿಸಿದ ಮೇಲೆ ಹೇಳೋದೇನಿದೆ?”

ಬಿಳಿ ಅಂಗಿ ತೊಟ್ಟು ಕ್ಷಮೆ ಸಾರಲು ಬಂದವನಿಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚು: ಇದರಲ್ಲೂ ಇವನೇ ಮುಂದೆ! ಆಮೇಲೆ ನಾಚಿಕೆ. ಕೊನೆಗೆ ನಗು ತಡೆಯಲಾಗಲಿಲ್ಲ. ಬಾಮೈದನೂ ನಕ್ಕ. ಇಬ್ಬರೂ ನೆಲಕ್ಕೆ ಕುಕ್ಕರಿಸಿ ಫ್ಯಾನಿನ ರೆಕ್ಕೆ ಒರೆಸಿದರು.

ಭಾನುವಾರ ಸಭೆಯೆದುರು ನಿಂತಾಗ ಬಾಯಿಪಾಠವೆಲ್ಲ ಹಾರಿಹೋಗಿತ್ತು. “ಕ್ಷಮಿಸೋಕೆ ಹೋಗಿದ್ದೆ, ಕ್ಷಮೆ ಪಡೆದು ಬಂದೆ,” ಎಂದ. “ಒಳಗೆ ಇನ್ನೂ ಸ್ವಲ್ಪ ಉರಿ ಇದೆ. ನನ್ನಂಥವನನ್ನೂ ಕರ್ತನು ರಿಪೇರಿ ಮಾಡ್ತಾನೆ ಅನ್ನೋದೇ ನನ್ನ ನಿರೀಕ್ಷೆ. ಆಮೆನ್.”

“ಇಷ್ಟು ಚಿಕ್ಕದಾಗಿ ಮಾತಾಡೋಕೆ ಬರುತ್ತೆ ಅಂತ ಗೊತ್ತಿರ್ಲಿಲ್ಲಪ್ಪ,” ಎಂದು ಮುಂದಿನ ಸಾಲಿನ ಅಜ್ಜಿ ಎಲ್ಲರಿಗೂ ಕೇಳುವಂತೆ ಹೊಗಳಿದಳು.

ಸಭೆ ಮುಗಿದ ಮೇಲೆ ಉದ್ದನೆಯ ಬೆಂಚುಗಳನ್ನು ಪಕ್ಕದ ಕೋಣೆಗೆ ಸಾಗಿಸಬೇಕಿತ್ತು. ಕ್ಷೌರಿಕ ಒಂದು ತುದಿ ಹಿಡಿದ. ಬಾಮೈದ ಇನ್ನೊಂದು ತುದಿ ಎತ್ತಿದ. ಬಾಗಿಲಲ್ಲಿ ಯಾರು ಹಿಮ್ಮುಖವಾಗಿ ನಡೆಯಬೇಕೆಂದು ಇಬ್ಬರಿಗೂ ಜಗಳ ಹತ್ತಿತು.