ತೊಟ್ಟಿಲ ದಾರ

ಓದಲು ಕೂಡುವಾಗ ಅತ್ಯಾ ಒಂದು ದಾರದ ತುದಿಯನ್ನು ಎಡಗಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಎರಡೇ ಸುತ್ತು, ಗಂಟು ಹಾಕುತ್ತಿರಲಿಲ್ಲ. ಇನ್ನೊಂದು ತುದಿ ನನ್ನ ತಮ್ಮನ ತೊಟ್ಟಿಲಿಗೆ. ಅವನು ಅಳುವ ಮೊದಲೇ ಬೆರಳು ದಾರವನ್ನು ಎಳೆಯುತ್ತಿತ್ತು. ಕಣ್ಣು ಮಾತ್ರ ಪುಟ ಬಿಟ್ಟು ಏಳುತ್ತಿರಲಿಲ್ಲ.

ತುಂಗತ್ಯಾ ಅಪ್ಪನ ತಂಗಿ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದವಳು. ಇಪ್ಪತ್ತೆಂಟಕ್ಕೆ, ಶಿಕ್ಷಕಿಯರ ಟ್ರೇನಿಂಗ್ ಶಾಲೆಗೆ ಹೋಗುತ್ತೇನೆಂದು ಅಪ್ಪನ ಮುಂದೆ ನಿಂತಳು. ಅಪ್ಪ ಒಂದು ಕರಾರಿನ ಮೇಲೆ ಒಪ್ಪಿದರು.

"ಹೋಗು. ಆದ್ರ ಮನೀ ಮಾತು ಹೊರಗ ಹೋಗಬಾರದು. ಮಂದಿ ಬಾಯಾಗ ನಾವು ಬಂದ ದಿನಾ ಸಾಲಿ ಬಂದ್."

"ಆತಣ್ಣಾ," ಎಂದಳು ಅತ್ಯಾ. ಅದಕ್ಕಿಂತ ಹೆಚ್ಚು ಮಾತಾಡಿದರೆ ಎಲ್ಲಿ ಮನಸ್ಸು ಬದಲಿಸಿಯಾರೋ ಎಂಬ ಅಂಜಿಕೆ ಅವಳಿಗೆ.

ಜೋಳದ ಭಕ್ಕರಿ ಬಡಿಯುತ್ತಲೇ ನನಗೆ ಪಾಠ ಹೇಳುತ್ತಿದ್ದಳು. "ಮಲಪ್ರಭಾ ಎಲ್ಲಿ ಹುಟ್ಟತದ? ಹೇಳದಿದ್ರ ತುಪ್ಪ ಇಲ್ಲ." ನಾನು ತಪ್ಪು ಹೇಳುತ್ತಿದ್ದೆ. "ತುಪ್ಪ ತಿಂದರ ನೆನಪಿರ್ತದೇನೋ ನೋಡೂಣು," ಎನ್ನುತ್ತ ಬಡಿಸಿಯೇ ಬಿಡುತ್ತಿದ್ದಳು.

ನಮ್ಮ ಓಣಿಯ ವೆಂಕಣ್ಣ ಮಾಸ್ತರರು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು; ಹೋಳಿ ಹಬ್ಬಕ್ಕೆ ಸೋಗಿನ ಬಂಡಿ ಕಟ್ಟುತ್ತಿದ್ದರು. ಎತ್ತಿನ ಬಂಡಿಯ ಮೇಲೆ ವೇಷ ಹಾಕಿ ನಿಂತು, ಊರಿನವರನ್ನೇ ಅಣಕಿಸುತ್ತ ಪೇಟೆಯುದ್ದಕ್ಕೂ ಮೆರವಣಿಗೆ ಹೋಗುವ ಆಟ ಅದು. ಒಂದು ಮಧ್ಯಾಹ್ನ ಅವರು ನನ್ನನ್ನು ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು.

"ಕುಸುಮಾ, ನಿಮ್ಮತ್ಯಾ ಕೂಸಿನ್ನ ಇಟಗೊಂಡು ಹ್ಯಾಂಗ ಓದತಾಳವಾ?"

ನನಗೆ ಹತ್ತು ವರ್ಷ. ಅತ್ಯಾ ಎಷ್ಟು ಜಾಣೆ ಎಂದು ಯಾರಿಗಾದರೂ ಹೇಳಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ದಾರದ ಸಂಗತಿ ಹೇಳಿದೆ. ಕಾಲು ಚಾಚಿ ತೋರಿಸಿಯೂ ಕೊಟ್ಟೆ. "ಭಾಳ ಶಾಣ್ಯಾ ಇದ್ದಾಳ," ಎಂದು ಅವರು ತಲೆದೂಗಿದರು.

ಹೋಳಿಯ ರಜೆಯ ಕೊನೆಯ ದಿನ ಅಪ್ಪ ಮನೆಮಂದಿಯನ್ನೆಲ್ಲ ಬಂಡಿ ನೋಡಲು ಹೊರಡಿಸಿದರು. ಅತ್ಯಾ ಬರುವುದಿಲ್ಲವೆಂದಳು. "ಬಾರವಾ, ಓದಿ ಓದಿ ತಲಿ ಬಿಸಿ ಆಗಿರ್ತದ," ಎಂದು ಅಪ್ಪನೇ ಒತ್ತಾಯ ಮಾಡಿದರು. ಪರಿಚಯದವರ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಮೊದಲ ಬಂಡಿಯಲ್ಲಿ ಒಬ್ಬ ವೈದ್ಯ ಕುಂಬಳಕಾಯಿಯ ನಾಡಿ ಹಿಡಿದು ತಲೆ ಅಲ್ಲಾಡಿಸುತ್ತಿದ್ದ. ಅತ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಎರಡನೆಯದರಲ್ಲಿ ಸೀರೆ ಉಟ್ಟ ವೆಂಕಣ್ಣ ಮಾಸ್ತರರು. ಕುಂಕುಮವಿಲ್ಲದ ಹಣೆ, ತಲೆಕೆಳಗಾಗಿ ಹಿಡಿದ ಪುಸ್ತಕ. ಕಾಲಿನ ಹೆಬ್ಬೆರಳಿಗೆ ಬಾವಿಯ ಹಗ್ಗ. ಹಗ್ಗದ ತುದಿಯ ತೊಟ್ಟಿಲಲ್ಲಿ ಮೀಸೆಯ ಪೈಲವಾನನೊಬ್ಬ ಬೆರಳು ಚೀಪುತ್ತ ಕೂತಿದ್ದ.

"ಅಕ್ಕೋರ, ಕೂಸಿಗೆ ಹಾಲು ಬ್ಯಾಡಂತ್ರಿ, ಭೂಗೋಳ ಕುಡಸ್ರಿ," ಎಂದು ಗುಂಪಿನಿಂದ ಯಾರೋ ಕೂಗಿದರು.

ಅಪ್ಪ ಎಲ್ಲರಿಗಿಂತ ಮೊದಲು ನಕ್ಕರು. ಓಣಿಯವರು ಒಬ್ಬೊಬ್ಬರಾಗಿ ನಮ್ಮ ಕಟ್ಟೆಯ ಕಡೆ ತಿರುಗಿದಾಗ ಅವರ ನಗೆ ನಿಂತಿತು. ಅತ್ಯಾ ಸೆರಗನ್ನು ಬಾಯಿಂದ ತೆಗೆದು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಬಂಡಿ ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದಳು.

ಮನೆಗೆ ನಡೆಯುವಾಗ ಅಪ್ಪ ಕೇಳಿದರು. "ದಾರದ ಮಾತು ಹೊರಗ ಯಾರು ಹೇಳಿದ್ರು?"

ಅತ್ಯಾ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು.

"ನಾನ ಹೇಳಿದ್ದೆ ಅಣ್ಣಾ. ಸಾಲ್ಯಾಗ, ಗೆಳತ್ಯಾರ ಮುಂದ."

"ಹಂಗಾರ ಕರಾರು ನೀನ ಮುರದಿ. ನಾಳಿಂದ ಮನ್ಯಾಗಿರು."

ಅವಳ ಕೊನೆಯ ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು.

ಅತ್ಯಾ ಆಮೇಲೆ ಎಂಟು ವರ್ಷ ಬದುಕಿದ್ದಳು. ನನ್ನ ಶಾಲೆಯ ಪಾಠಗಳನ್ನೆಲ್ಲ ಅವಳೇ ಒಪ್ಪಿಸಿಕೊಂಡಳು. ನಾನು ಕಾಲೇಜು ಸೇರಿದ ವರ್ಷ ತೀರಿಕೊಂಡಳು. ಆ ಸಂಜೆಯ ಮಾತನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ನಾನು ಬಿ.ಎ. ಪಾಸಾದಾಗ ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಮೊದಲ ಪೊಟ್ಟಣ ವೆಂಕಣ್ಣ ಮಾಸ್ತರರ ಮನೆಗೆ ಹೋಯಿತು.

ನಿಜ ಹೇಳಲು ನನಗೆ ಸಮಯವಿತ್ತು. ಬಂಡಿ ನೋಡಿ ಬಂದ ಮರುದಿನ ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ಒಬ್ಬರೇ ಚಹಾ ಕುಡಿಯುತ್ತಿದ್ದರು. ಟ್ರೇನಿಂಗ್ ಶಾಲೆಯ ಟಾಂಗಾ ಬಂದು ಬಾಗಿಲಲ್ಲಿ ನಿಂತಿತು. "ತುಂಗಾಬಾಯಿ, ಲಗೂ ಬರ್ರಿ," ಎಂದು ಒಳಗಿದ್ದ ಹೆಂಗಸೊಬ್ಬಳು ಕರೆದಳು. ಅಡುಗೆಮನೆಯಲ್ಲಿ ಅತ್ಯಾ ಭಕ್ಕರಿ ಬಡಿಯುತ್ತಲೇ ಇದ್ದಳು. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಅವರನ್ನು ದಾಟಿ ಹೊರಗೆ ಹೋಗಿ, "ಅತ್ಯಾಗ ಜ್ವರಾ ಬಂದಾವ್ರಿ, ನೀವು ಹೋಗ್ರಿ," ಎಂದೆ.