ಹರಿನಾರಾಯಣ ಮಾಡೆಲ್

ಪುತ್ತಿಗೆ ರಸ್ತೆಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಾಯಿಸಿದ ರುಡಾಲ್ಫ್ ಕ್ರಾಸ್ತನಿಗೆ ಕೆಸರು ರೇಸಿನ ಜೀಪೆಂದರೆ ಜೀವ. ಅವನ ಟೀಮಿನ ಮನೀಶ್ ಓಡಿಸುತ್ತಿದ್ದ ಸ್ವಂತ ಜೀಪು ಗದ್ದೆಯ ತಿರುವಿನಲ್ಲಿ ಮಗುಚುತ್ತಿತ್ತು. ರುಡಾಲ್ಫ್ ಹಿಂಬದಿಯ ಸ್ಪ್ರಿಂಗ್ ಪ್ಲೇಟುಗಳನ್ನು ಕಿತ್ತು, ಅಲ್ಲಿ ಸುರುಳಿ ಸ್ಪ್ರಿಂಗು ಕೂರಿಸಿ, ಚಕ್ರದ ಅಚ್ಚಿನಿಂದ ಚಾಸಿಯ ಚೌಕಟ್ಟಿಗೆ ನಾಲ್ಕು ಸರಳುಗಳನ್ನು ಓರೆಯಾಗಿ ಕೊಟ್ಟ. ಮುರಿಯಿತು. ಮತ್ತೆ ಕೊಟ್ಟ, ಮತ್ತೆ ಮುರಿಯಿತು. ಎರಡು ಮಳೆಗಾಲ ಹೀಗೇ ಹೋಗಿ, ಮೂರನೆಯದರಲ್ಲಿ ಜೀಪು ಕೆಸರನ್ನು ಕಚ್ಚಿ ಹಿಡಿದು ಓಡಿತು, ಗೆದ್ದಿತು.

ರುಡಾಲ್ಫ್ ಇಗರ್ಜಿಗೆ ಹೋಗುವವನಾದರೂ ಕೆಲಸದವರಿಗಾಗಿ ಗ್ಯಾರೇಜಿನಲ್ಲಿ ಆಯುಧಪೂಜೆ ಮಾಡಿಸುತ್ತಿದ್ದ. ಅಂದು ಬಾಗಿಲು ಎಲ್ಲರಿಗೂ ತೆರೆದದ್ದೇ. ಜೀಪು ಗೆದ್ದ ವರ್ಷದ ಪೂಜೆಗೆ, ಕಾಸರಗೋಡಿನಲ್ಲಿ ಗ್ಯಾರೇಜಿಟ್ಟಿದ್ದ ಎದುರಾಳಿ ಟೀಮಿನ ಹರಿನಾರಾಯಣ ಬಂದು ಅವಲಕ್ಕಿ ತಿಂದು, “ಜೀಪಿಗೆ ಎಂತ ಮಾಡಿದ್ದೀರಿ ಮಾರಾಯ್ರೆ, ಸ್ವಲ್ಪ ನೋಡ್ಬಹುದಾ?” ಎಂದ. ಪೂಜೆಗೆ ಬಂದವನಿಗೆ ಇಲ್ಲವೆನ್ನಲಾದೀತೇ? ರುಡಾಲ್ಫನೇ ಜೀಪನ್ನು ಜಾಕಿ ಕೊಟ್ಟು ಎತ್ತಿ, ಅಡಿಗೆ ಟಾರ್ಚು ಹಿಡಿದ.

ಮುಂದಿನ ಮಳೆಗಾಲ ರೇಸಿನಲ್ಲಿ ಹರಿನಾರಾಯಣನ ಹೊಸ ಜೀಪು ಮೊದಲು ಬಂತು. ರುಡಾಲ್ಫ್ ಅದರಡಿಗೆ ಬಗ್ಗಿ ನೋಡಿದ. ಅದೇ ಸರಳು, ಅದೇ ಓರೆ. ಎಡಬದಿಯ ತಗಡಿನ ತೇಪೆ ಕೂಡ ಅದೇ. ಮನೀಶನ ಜೀಪಿನ ಹಳೆಯ ಚಾಸಿ ಅಲ್ಲಿ ಬಿರುಕು ಬಿಟ್ಟಿತ್ತೆಂದು ರುಡಾಲ್ಫ್ ಹಾಕಿದ್ದ ತೇಪೆ ಅದು. ಇದರ ಚಾಸಿಯೋ ಹೊಸದು.

ರೇಸ್ ಕಮಿಟಿಯ ಈಶ್ವರಪ್ರಸಾದನ ಬಳಿ ಹೋಗಿ, “ಬಿರುಕಿಲ್ಲದ ಕಡೆ ತೇಪೆ ಯಾಕೆ ಅಂತ ಅವರನ್ನೊಮ್ಮೆ ಕೇಳಿ,” ಎಂದ.

“ಪೊರ್ಬುಗಳೇ,” ಎಂದ ಈಶ್ವರಪ್ರಸಾದ, ಕೊಂಕಣಿ ಕ್ರೈಸ್ತರನ್ನು ಊರಲ್ಲಿ ಕರೆಯುವ ಹಾಗೆ, “ನಿಮ್ಮ ಜೀಪಿಗೂ ನಾಲ್ಕು ಚಕ್ರ, ಅವರದಕ್ಕೂ ನಾಲ್ಕು. ಅದೂ ನಿಮ್ಮದೇ ಅಂತೀರಾ? ನೋಡಿ ಮಾಡ್ಬಾರ್ದು ಅಂತ ರೂಲ್ ಇಲ್ಲ.”

“ಮಾಡ್ಲಿ. ನಾನೂ ನೋಡಿಯೇ ಕಲ್ತವ. ಇದು ರುಡಾಲ್ಫ್ ಕಟ್ಟಿದ ಕ್ರಮ ಅಂತ ಮೈಕಲ್ಲಿ ಒಂದು ಮಾತು ಹೇಳಿಸಿ, ಸಾಕು.”

ಪಕ್ಕದಲ್ಲಿದ್ದ ಹರಿನಾರಾಯಣ ನಕ್ಕ. “ಕದ್ದದ್ದು ಅಂತಾದ್ರೆ, ಟಾರ್ಚು ಹಿಡಿದವರು ಯಾರು?”

ಸುತ್ತಲಿದ್ದವರೂ ನಕ್ಕರು. ಮೈಕು ಸಂಜೆಯವರೆಗೆ ‘ಹರಿನಾರಾಯಣ ಮಾಡೆಲ್’ ಎಂದು ಕೂಗಿತು.

ಎರಡು ವರ್ಷದೊಳಗೆ ಊರೂರಿನ ಟೀಮುಗಳೆಲ್ಲ ಅದೇ ಕ್ರಮಕ್ಕೆ ಬಂದವು, ಅದೇ ಹೆಸರಿನಲ್ಲಿ. ಮನೀಶ್ ಜೀಪು ಮಾರಲಿಕ್ಕೆಂದು ಫೋನಿನಲ್ಲಿ ಹಾಕಿದ ಜಾಹೀರಾತಿನಲ್ಲೂ ಅದೇ ಹೆಸರು.

“ಇದೆಂತ ಮನೀಶಾ?”

“ಬೇಜಾರು ಮಾಡ್ಬೇಡಿ ರುಡಾಲ್ಫಣ್ಣ. ನಿಮ್ಮ ಹೆಸರು ಹಾಕಿದ್ರೆ ಡೂಪ್ಲಿಕೇಟಾ ಅಂತ ಕೇಳ್ತಾರೆ.”

ಕೊಂಡವನು ಯಾರೋ ಹೊರಗಿನವನು. ತಿಂಗಳೊಳಗೆ ಅವನು ಜೀಪನ್ನು ಸರ್ವಿಸಿಗೆಂದು ರುಡಾಲ್ಫನ ಗ್ಯಾರೇಜಿಗೇ ತಂದ.

“ಇದು ಹರಿನಾರಾಯಣ ಮಾಡೆಲ್. ನಿಮಗೆ ಇದರ ಕೆಲಸ ಗೊತ್ತುಂಟಾ?”

“ಸ್ವಲ್ಪ ಸ್ವಲ್ಪ,” ಎಂದು ರುಡಾಲ್ಫ್ ಗೋಣಿ ಹಾಸಿ ಜೀಪಿನಡಿಗೆ ಸರಿದ.