ಅಚ್ಚಿಗೆ ಹೋದ ಅತ್ತೆ

ವಸಂತ್ ಕುಂಜ್‌ನ ಆ ಮೂರನೇ ಮಹಡಿಯ ಮನೆಯಲ್ಲಿ ಅಂದು ಸಂಜೆ ಸೇರಿದ್ದವರು ನಾವು ಐದು ಜನ. ಮನೆಯ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳುವವರು, ದೆಹಲಿಯ ನಮ್ಮ ಕಡೆಯವರ ಸಂಘವೊಂದರ ವಾರ್ಷಿಕ ಸಂಚಿಕೆಗೆ ಸಂಪಾದಕರು. ಗುಡ್‌ಗಾಂವ್‌ನ ಕಂಪನಿಯಿಂದ ಬಂದಿದ್ದ ಒಬ್ಬರು ತಮ್ಮ ಬ್ಲಾಗಿನಲ್ಲಿ ವಾರಕ್ಕೊಂದು ಸರ್ಕಾರ ಉರುಳಿಸುತ್ತಿದ್ದರು. ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಹಿಡಿದು ಐಎಎಸ್‌ಗೆ ಕೂತಿದ್ದ ತರುಣ, ಓದುವುದೊಂದನ್ನು ಬಿಟ್ಟು ಕವಿತೆ ಬರೆಯುತ್ತಿದ್ದ. ಜನಕಪುರಿಯಿಂದ ಆಟೋದಲ್ಲಿ ಬಂದಿದ್ದ ಗೃಹಿಣಿಯೊಬ್ಬರು. ಮತ್ತೆ ನಾನು.

ಕಂಪ್ಯೂಟರು ಕನ್ನಡ ಕಲಿತ ಹೊಸತು. ಬ್ಲಾಗು ತೆರೆದವರೆಲ್ಲ ಲೇಖಕರು. ನಮ್ಮಲ್ಲೊಂದು ಪದ್ಧತಿಯಿತ್ತು: ನನ್ನದಕ್ಕೆ ನೀನು ಕಾಮೆಂಟು ಹಾಕು, ನಿನ್ನದಕ್ಕೆ ನಾನು ಹಾಕುತ್ತೇನೆ. ಓದಲೇಬೇಕೆಂದು ಯಾರೂ ಕಟ್ಟು ಮಾಡಿರಲಿಲ್ಲ. ಗುಡ್‌ಗಾಂವ್‌ನವರು ತಮ್ಮ ನಾಯಿ ಸತ್ತದ್ದನ್ನು ಬರೆದಾಗ ಸಂಪಾದಕರು ‘ಸೊಗಸಾಗಿದೆ, ಹೀಗೇ ಮುಂದುವರಿಯಲಿ’ ಎಂದು ಹರಸಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ವಿಷಯ ನಮ್ಮಜ್ಜಿ ಬಾಯಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಇಲ್ಲಿ.

ಸಮೋಸಾ ಬಂದವು, ಜತೆಗೆ ತತ್ವಗಳೂ ಬಂದವು. ಕಾಗದದ ಕಾಲ ಮುಗಿಯಿತೆಂದು ಸಂಪಾದಕರು ಘೋಷಿಸಿದರು. ಪತ್ರಿಕೆಯವರೆಲ್ಲ ಕುರುಡರೆಂದು ಗುಡ್‌ಗಾಂವ್‌ನವರು ಸೇರಿಸಿದರು. ಹಾಗೆಂದವರೇ, ಯಾವುದೋ ಪತ್ರಿಕೆಯ ಓದುಗರ ಅಂಕಣದಲ್ಲಿ ಬೆರಳಗಲ ಬಂದಿದ್ದ ತಮ್ಮ ಪತ್ರವನ್ನು ಪರ್ಸಿನಿಂದ ತೆಗೆದು ಎಲ್ಲರ ಕೈಗೂ ದಾಟಿಸಿದರು. ಕವಿ ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡ.

ಇಡೀ ಕೂಟದಲ್ಲಿ ಬರೆಯಲು ಬರುತ್ತಿದ್ದದ್ದು ಜನಕಪುರಿಯವರಿಗೆ ಮಾತ್ರ. ಬೇರೆ ಹೆಸರಿಟ್ಟುಕೊಂಡು ಅವರು ತಮ್ಮ ಅತ್ತೆಯ ವಿಷಯ ಬರೆಯುತ್ತಿದ್ದರು. ಅತ್ತೆ ಬಾಲ್ಕನಿಯಲ್ಲಿ ನಿಂತು ತರಕಾರಿ ಭಯ್ಯಾನ ಜತೆ ಕನ್ನಡದಲ್ಲೇ ಜಗಳವಾಡಿ ಗೆಲ್ಲುವುದು. ಸೊಸೆ ಮಲಗಿದ್ದಾಳೆಂದುಕೊಂಡು ಮಧ್ಯಾಹ್ನ ಊರಿನಲ್ಲಿರುವ ಮಗಳಿಗೆ ಫೋನು ಮಾಡಿ, ಸೊಸೆಯ ಸಾರಿನಿಂದ ಹಿಡಿದು ಸೀರೆಯವರೆಗೆ ದೂರು ಹೇಳುವುದು. ಓದಿ ನಾನು ಒಬ್ಬನೇ ಕೂತು ನಕ್ಕಿದ್ದೆ.

ಮನೆಯವರು ಓದಿದರೆ ಏನು ಗತಿ ಎಂದು ಕೇಳಿದೆ.

“ನಮ್ಮನೆಯವರು ಹುಟ್ಟಿದ್ದೇ ಇಲ್ಲಿ, ಕನ್ನಡ ಓದಕ್ಕೆ ಬರಲ್ಲ. ಮಕ್ಕಳಿಗೂ ಅಷ್ಟೇ. ಓದಕ್ಕೆ ಬರೋದು ನಮ್ಮತ್ತೆಗೆ ಒಬ್ಬರಿಗೇ. ಅವರು ಕಂಪ್ಯೂಟರ್ ಹತ್ರ ಸುಳಿಯಲ್ಲ,” ಎಂದು ನಕ್ಕರು. ಆಮೇಲೆ ಸಂಪಾದಕರ ಕಡೆ ತಿರುಗಿ, “ಸಾರ್, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು. ಅವರ ಜತೆ ಒಂದೇ ಮನೇಲಿ ಇರಬೇಕು ನಾನು,” ಎಂದರು.

“ಅಚ್ಛಾ, ಅಚ್ಛಾ,” ಎಂದರು ಸಂಪಾದಕರು. ಅವರ ಕಣ್ಣು ಕ್ಯಾಮೆರಾದ ಮೇಲಿತ್ತು. ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರು.

ಕೆಲವು ತಿಂಗಳ ಮೇಲೆ ವಾರ್ಷಿಕ ಸಂಚಿಕೆ ಬಂತು. ಕಾಗದದ ಕಾಲ ಮುಗಿಸಿದ್ದ ಮಹಾನುಭಾವರು ನುಣುಪು ಕಾಗದದ ಮೇಲೆ ಮಧ್ಯಾಹ್ನದ ಫೋನಿನ ಆ ಬರಹವನ್ನು ಅಚ್ಚು ಹಾಕಿಸಿದ್ದರು. ಮೇಲೆ ಆಕೆಯ ನಿಜವಾದ ಹೆಸರು, ಪಕ್ಕದಲ್ಲಿ ಗೋಡೆಯ ಫೋಟೋದಿಂದ ಕತ್ತರಿಸಿದ ಮುಖ. ನಾನು ಫೋನು ಮಾಡಿ ಹೀಗೇಕೆ ಮಾಡಿದಿರಿ ಎಂದರೆ, ಅವರಿಗೆ ನನ್ನ ಮೇಲೇ ಆಶ್ಚರ್ಯ.

“ಬ್ಲಾಗಲ್ಲಿ ಬಿದ್ದಿದ್ರೆ ಯಾರು ಓದ್ತಿದ್ರು ಹೇಳಿ? ಅಚ್ಚಲ್ಲಿ ಬಂದಿದೆ. ಅಂಥದಕ್ಕೆ ಕಳ್ಳಹೆಸರು ಹಾಕೋದಾ? ಸರ್‌ಪ್ರೈಸ್ ಆಗಲಿ ಅಂತ ಕೇಳಲಿಲ್ಲ.”

ಬರಹ ಓದಿದ್ದೀರಾ ಎಂದು ಕೇಳಿದೆ. ಪ್ರೂಫು ತಿದ್ದಿದವರು ಬೇರೆಯವರಂತೆ. ಇಂಥ ರಸಿಕರ ಕೈಗೆ ಸಿಕ್ಕುವುದಕ್ಕಿಂತ ಶತ್ರುವಿನ ಕೈಗೆ ಸಿಕ್ಕುವುದು ಮೇಲು. ಶತ್ರು ಕಡೇಪಕ್ಷ ಓದಿರುತ್ತಾನೆ.

ಜನಕಪುರಿಯ ಮನೆಗೆ ಸಂಚಿಕೆ ಅಂಚೆಯಲ್ಲಿ ಹೋಗಿತ್ತು. ಊರು ಬಿಟ್ಟ ಮೇಲೆ ಕನ್ನಡದ ಅಕ್ಷರ ಕಂಡರೆ ಬಿಡದ ಅತ್ತೆ, ಜಾಹೀರಾತಿನಿಂದ ಶುರುಮಾಡಿ ಒಂದೊಂದೇ ಪುಟ ಓದಿಕೊಂಡು ಬಂದರಂತೆ. ಮುಗಿಸಿ, ಕನ್ನಡಕ ತೆಗೆದು, “ಚೆನ್ನಾಗಿ ಬರ್ದಿದ್ದೀಯಮ್ಮ,” ಎಂದಷ್ಟೇ ಹೇಳಿದರಂತೆ.

ಅದೇ ವಾರ ಅತ್ತೆ ಮಗಳ ಮನೆಗೆ ಹೊರಟರು. ಮಗನಿಗೆ ಆಫೀಸಿತ್ತು. ಸೊಸೆಯೇ ಸ್ಟೇಷನ್ನಿಗೆ ಕರೆದೊಯ್ದು, ದಾರಿಗೆ ಮೊಸರನ್ನ ಕಟ್ಟಿಕೊಟ್ಟು, ರೈಲು ಹತ್ತಿಸಿ ಬಂದರು. ಅಂದು ಸಂಜೆಯೇ ಬ್ಲಾಗನ್ನು ಅಳಿಸಿದರು.